ಬೋಣಿ ಹೊತ್ತಿನಲ್ಲಿ ಲೆಕ್ಕದ ಪಾಠ

ಹೊತ್ತಿಗೆ ಸರಿಯಾಗಿ ಬರುವವನನ್ನು ಲೋಕ ಹೊಗಳುತ್ತದೆ. ಹೊತ್ತಿಗೆ ಮುಂಚೆ ಬರುವವನನ್ನು ಮಾತ್ರ ಯಾರೂ ಇಷ್ಟಪಡುವುದಿಲ್ಲ. ಮದುವೆ ಮನೆಗೆ ಮುಂಚೆ ಹೋದರೆ ಜಮಖಾನ ಹಾಸಲು ಕರೆಯುತ್ತಾರೆ, ಊಟಕ್ಕೆ ಮುಂಚೆ ಹೋದರೆ ತೆಂಗಿನಕಾಯಿ ತುರಿಯಲು ಕೊಡುತ್ತಾರೆ. ಇದು ಗೊತ್ತಿದ್ದೂ ನಾನು ಜೀವನಪೂರ್ತಿ ಮುಂಚೆಯೇ ಹೋಗುತ್ತಾ ಬಂದಿದ್ದೇನೆ. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು ಎನ್ನುವ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಅಲ್ಲಿ ತಡವಾಗಿ ಹೋದವನಿಗೆ ನೀರು ಬೆರೆಸಿದ ಸಾರು ಸಿಗುತ್ತಿತ್ತು. ಆ ಭಯ ಇವತ್ತಿಗೂ ಹೋಗಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮದ್ದೂರಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೆ. ಮಗಳು ವಾಸಂತಿ ಆಗ ನಾಲ್ಕನೇ ಕ್ಲಾಸು. ಪಠ್ಯಪುಸ್ತಕದ ಲೆಕ್ಕಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅದರಲ್ಲಿ ರಾಮ ಸೋಮ ಇಬ್ಬರೂ ಬುಟ್ಟಿಗಟ್ಟಲೆ ಮಾವಿನಹಣ್ಣು ಕೊಂಡು ಹಂಚಿಕೊಳ್ಳುತ್ತಾರೆಯೇ ಹೊರತು, ಹಣ್ಣು ಕೊಳೆತಿದೆಯೇ ಎಂದು ಒಬ್ಬನಾದರೂ ತಿರುಗಿಸಿ ನೋಡುವುದಿಲ್ಲ. ಮಗಳಿಗೆ ಲೆಕ್ಕವನ್ನು ಸಂತೆಯಲ್ಲೇ ಕಲಿಸುತ್ತೇನೆ ಎಂದು ತೀರ್ಮಾನಿಸಿದೆ. ವಾರದ ಸಂತೆಯ ದಿನ ಹಾಲಿನವನಿಗಿಂತ ಮೊದಲೇ ನಾವಿಬ್ಬರೂ ಎದ್ದು, ತಲೆ ಬಾಚಿ, ಕೈಗೊಂದು ಚೀಲ ಹಿಡಿದು ಹೊರಡುತ್ತಿದ್ದೆವು. ನನ್ನ ನಿಯಮ ಸರಳ: ಮೊದಲು ಮೂರು ಕಡೆ ರೇಟು ಕೇಳಬೇಕು, ವ್ಯತ್ಯಾಸವನ್ನು ಬಾಯಿಲೆಕ್ಕದಲ್ಲಿ ಹೇಳಬೇಕು, ಆಮೇಲೆ ಕೊಳ್ಳಬೇಕು. ಕೇಳುವವನು ನಾನು, ಹೇಳುವವಳು ಅವಳು. "ನಾನು ಕೇಳ್ಲಾ ಅಪ್ಪ?" ಎಂದು ಪ್ರತಿ ವಾರವೂ ಚೀಲ ಎಳೆಯುತ್ತಿದ್ದಳು. "ಮೊದಲು ಕಲಿ, ಆಮೇಲೆ ಕೇಳು" ಎನ್ನುತ್ತಿದ್ದೆ. ಹಿಂದಿನ ರಾತ್ರಿಯ ಸೀಮೆಎಣ್ಣೆ ಲಾಂದ್ರದ ವಾಸನೆ, ಒದ್ದೆ ಗೋಣಿಚೀಲದ ಮೇಲೆ ಹರಡಿದ ಕೊತ್ತಂಬರಿಯ ವಾಸನೆ, ಎತ್ತಿನ ಗಾಡಿಯಿಂದ ಇಳಿಯುತ್ತಿದ್ದ ಬೆಲ್ಲದ ವಾಸನೆ ಎಲ್ಲಾ ಸೇರಿ ಆ ಮುಂಜಾವಿಗೆ ಒಂದು ಘಮಲಿರುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದು ಮೂಗಿಗೆ ಬಡಿಯುತ್ತದೆ.

ಆ ವರ್ಷ ಗೌರಿ ಹಬ್ಬದ ಹಿಂದಿನ ದಿನವೇ ಸಂತೆ ಬಿದ್ದಿತ್ತು. ಮಧ್ಯಾಹ್ನದ ಬಸ್ಸಿಗೆ ಮಳವಳ್ಳಿಯಿಂದ ಮಾವನವರು ಬರುವವರಿದ್ದರು. ಅಳಿಯನಿಗೆ ವ್ಯವಹಾರ ತಿಳಿಯದು ಎಂಬುದು ಅವರ ಬಹುಕಾಲದ ಅಭಿಪ್ರಾಯ. "ಬದನೆಕಾಯಿ, ಕುಂಬಳಕಾಯಿ, ಬಾಳೆ ಎಲೆ, ಯಾವುದೂ ಮರೀಬೇಡಿ. ಬರಿಗೈಲಿ ಬಂದರೆ ನಮ್ಮಪ್ಪನಿಗೆ ನೀವೇ ಉತ್ತರ ಹೇಳಿ" ಎಂದು ನನ್ನಾಕೆ ಬಾಗಿಲಲ್ಲೇ ಎಚ್ಚರಿಸಿದಳು. ನಾನು ನಕ್ಕೆ. ಎಲ್ಲರಿಗಿಂತ ಮೊದಲು ಹೋಗುವವನು ಬರಿಗೈಲಿ ಬರುವುದುಂಟೆ?

ಚಿಕ್ಕರಸಿನಕೆರೆ ಕಡೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ನಿಂಗಮ್ಮ ಕೊತ್ತಂಬರಿ ಕಟ್ಟುಗಳ ಪಕ್ಕದಲ್ಲಿ ಬದನೆಕಾಯಿ ರಾಶಿ ಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ರಾಶಿಯ ಮೇಲೆ ಗೋಣಿತಾಟು ಎಳೆದಳು.

"ಬದನೆಕಾಯಿ ಹೇಗಮ್ಮ?" ಎಂದೆ.

"ಮೇಷ್ಟ್ರೇ, ಒಸಿ ಆ ಕಡೆ ಓಗಿ. ಬೋಣಿ ಆಗಿಲ್ಲ."

"ಅದಕ್ಕೇ ಕೇಳ್ತಾ ಇರೋದು."

"ಕೇಳ್ತೀರಿ, ಗೊತ್ತು ಕಣ್ರಪ್ಪ. ಕೇಳ್ಬುಟ್ಟು ಓಯ್ತೀರಿ. ಓದ್ ವಾರ ಅಂಗೇ ಮಾಡುದ್ರಿ. ಸಂಜೆಗಂಟ ಬದ್ನೆಕಾಯೂ ಕುಂತಿತ್ತು, ಅದ್ರ ಪಕ್ಕದಲ್ಲಿ ನಾನೂ ಕುಂತಿದ್ದೆ."

ಪಕ್ಕದಲ್ಲಿ ಮೂಲಂಗಿ ಜೋಡಿಸುತ್ತಿದ್ದ ಬೋರಣ್ಣ ತಲೆಯೆತ್ತದೆ ಹೇಳಿದ: "ನಂಗೂ ಅಂಗೇ ಆಯ್ತು ಕಣಕ್ಕ. ಮೇಷ್ಟ್ರು ಬಂದು ಮುಟ್ಟುದ್ರೆ ಸಾಕು, ಮೂಲಂಗಿ ನಿಂತಲ್ಲೇ ಬೆಂಡಾಯ್ತದೆ."

ಸಾಲಿಗೆ ಸಾಲೇ ನಕ್ಕಿತು. ದಿನದ ಮೊದಲ ಗಿರಾಕಿ ಕೇಳಿ ಕೊಳ್ಳದೆ ಹೋದರೆ ಆ ದಿನದ ವ್ಯಾಪಾರವೇ ಕೆಟ್ಟಂತೆ ಎಂಬ ನಂಬಿಕೆ ನನಗೆ ತಿಳಿಯದ್ದೇನಲ್ಲ. ಆದರೆ ವಾರವಾರವೂ ಎಲ್ಲರಿಗೂ ಆ ಮೊದಲ ಗಿರಾಕಿ ನಾನೇ ಎಂಬುದು ಹೊಳೆದಿರಲಿಲ್ಲ. ಮೂರು ಕಡೆ ಕೇಳುವ ನನ್ನ ನಿಯಮದಿಂದ ಒಂದೊಂದು ತರಕಾರಿಗೆ ಇಬ್ಬಿಬ್ಬರ ಬೋಣಿ ಕೆಡುತ್ತಿತ್ತು. ಕುಂಬಳಕಾಯಿಯವನು ಮುಖ ತಿರುಗಿಸಿದ. ಬಾಳೆ ಎಲೆಯವಳು ಕಿವಿ ಕೇಳದವಳಂತೆ ಕೂತಳು. ಮಾವನವರ ಬಸ್ಸು ಮಳವಳ್ಳಿ ಬಿಡುವುದು ನನ್ನ ಕಣ್ಣಿಗೆ ಕಾಣತೊಡಗಿತು. "ಇದೆಲ್ಲಾ ಮೂಢನಂಬಿಕೆ ಕಣಮ್ಮ" ಎಂದು ಶುರುಮಾಡಿದೆ. "ಆಗ್ಲಿ ಬುಡಿ, ನಿಮ್ ಇಸ್ಕೂಲ್ನಲ್ಲಿ ಏಳ್ಕೊಳಿ" ಎಂದಳು ನಿಂಗಮ್ಮ.

ಆಗ ವಾಸಂತಿ ನನ್ನ ಜುಬ್ಬ ಎಳೆದು, "ಅಪ್ಪ, ನೀವು ಸುಮ್ಮನಿರಿ" ಎಂದಳು. ನಿಯಮಕ್ಕೆ ಪೂರ್ತಿ ವಿರುದ್ಧ. ನನ್ನ ಕಿಸೆಯಿಂದ ಚಿಲ್ಲರೆ ತಾನೇ ತೆಗೆದುಕೊಂಡು ನಿಂಗಮ್ಮನ ಮುಂದೆ ಹೋಗಿ, "ಅಜ್ಜಿ, ಒಂದು ಕಟ್ಟು ಕೊತ್ತಂಬರಿ ಕೊಡಿ" ಎಂದಳು. ರೇಟು ಕೇಳಲಿಲ್ಲ. ಇದು ಇನ್ನೂ ವಿರುದ್ಧ. ನಿಂಗಮ್ಮ ಆ ಕಾಸನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಗೋಣಿತಾಟು ತೆಗೆದಳು. ತೆಗೆದದ್ದೇ ತಡ, ಹೆಂಗಸರ ಗುಂಪೊಂದು ಬಂದು ಬದನೆಕಾಯಿಗೆ ಮುಗಿಬಿತ್ತು. ಹಬ್ಬದ ಹಿಂದಿನ ದಿನ ಜನ ಬರುವುದು ಸಹಜ ಎಂದು ನಾನು ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಕೂಸಿನ ಕೈಗುಣ ನೋಡ್ಲಾ ಬೋರ!" ಎಂದಳು ನಿಂಗಮ್ಮ.

"ಬಾ ಮಗ, ನಂಗೂ ಒಂದ್ ಬೋಣಿ ಮಾಡು" ಎಂದು ಬೋರಣ್ಣ ಕರೆದ.

ಕುಂಬಳಕಾಯಿಯವನು ಕರೆದ. ಬಾಳೆ ಎಲೆಯವಳಿಗೂ ಕಿವಿ ಬಂತು. ವಾಸಂತಿ ಇಲ್ಲೊಂದು ನಿಂಬೆಹಣ್ಣು, ಅಲ್ಲೊಂದು ಮೂಲಂಗಿ ಕಟ್ಟು ಕೊಳ್ಳುತ್ತಾ ಸಾಲಿನುದ್ದಕ್ಕೂ ಬೋಣಿ ಮಾಡಿದಳು. ಆಮೇಲೆ ಹಿಂದಿರುಗಿ, ನಿಧಾನವಾಗಿ, ಮೂರು ಕಡೆ ರೇಟು ಕೇಳಿದಳು. ಈಗ ಎಲ್ಲರೂ ನಗುನಗುತ್ತಾ ಹೇಳಿದರು, ಕೊಸರನ್ನೂ ಹಾಕಿದರು. ನಡುವೆ ನಾನೊಮ್ಮೆ ಬಾಯಿಲೆಕ್ಕ ಕೇಳಲು ಹತ್ತಿರ ಹೋದಾಗ ಬೋರಣ್ಣ ಕೈಮುಗಿದ: "ಮೇಷ್ಟ್ರೇ, ಆ ಉಣ್ಸೆಮರದ ಕೆಳಗೆ ಒಸಿ ನಿಂತ್ಕಳಿ. ಕೂಸು ನೋಡ್ಕತದೆ."

ಅವಳು ತುಂಬಿದ ಚೀಲಗಳನ್ನು ತಂದು ನನ್ನ ಕಾಲ ಬಳಿ ಇಟ್ಟು, ಖಾಲಿ ಚೀಲ ಹಿಡಿದು ಮತ್ತೆ ಓಡುತ್ತಿದ್ದಳು. ಮಾವನವರ ಮುಂದೆ ಮಾನ ಉಳಿಯಿತು ಎಂದು ನಾನು ನೆಮ್ಮದಿಯಿಂದ ಮೂಲಂಗಿ ಕಟ್ಟುಗಳನ್ನು ತೆಗೆದು, ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ, ಒಂದು ಖಾಲಿ ಚೀಲ ಹಾಸಿ ಅದರ ಮೇಲೆ ಒಪ್ಪವಾಗಿ ಜೋಡಿಸಿದೆ. ಅಸ್ತವ್ಯಸ್ತ ನನಗೆ ಆಗದು. ಅಷ್ಟರಲ್ಲಿ ಒಬ್ಬ ಹಿರಿಯರು ಬಂದು ಕುಕ್ಕರಗಾಲಲ್ಲಿ ಕೂತು, ಒಂದು ಮೂಲಂಗಿಗೆ ಉಗುರು ಚುಚ್ಚಿ ನೋಡಿ, "ಎಂಗ್ ಕೊಟ್ಯಪ್ಪ?" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಬುಡು, ಇನ್ನೆಲ್ಡ್ ಕಡೆ ಇಚಾರ್ಸ್ಕಂಡ್ ಬತ್ತೀನಿ" ಎಂದು ಎದ್ದು ನಡೆದೇಬಿಟ್ಟರು.

ಬೆಳಿಗ್ಗೆ ಬೆಳಿಗ್ಗೆ ಎಂಥ ಮನುಷ್ಯ, ಮುಟ್ಟಿ ಕೇಳಿ ಕೊಳ್ಳದೆ ಹೋದನಲ್ಲ ಎಂದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.