ಇಳಾ ಕಲಿತ ಕನ್ನಡ

ಮಕ್ಕಳಿಗೆ ಕಲಿಸುವುದು ಕಷ್ಟ ಎನ್ನುವವರು ಮಕ್ಕಳನ್ನು ಸಾಕಿದವರಲ್ಲ. ಅವು ಕಲಿಯುವುದನ್ನು ತಡೆಯುವುದೇ ಕಷ್ಟ. ನಾಲ್ಕು ವರ್ಷದ ನನ್ನ ಮಗಳು ಇಳಾಗೆ ಎಡ ಯಾವುದು, ಬಲ ಯಾವುದು ಎಂದು ಹೇಳಿ ಹೇಳಿ ನನಗೇ ಗೊಂದಲವಾಗಿದೆ; ಅವಳ ಚಪ್ಪಲಿ ಇವತ್ತಿಗೂ ಅದಲುಬದಲು. ಆದರೆ ಯಾರೂ ಹೇಳಿಕೊಡದ ಒಂದು ಕನ್ನಡವನ್ನು ಅವಳು ಮೊಬೈಲಿನಿಂದ ಕಲಿತುಬಿಟ್ಟಳು. ತುತ್ತು ಇಡುವಾಗ ಕಾರ್ಟೂನು ಹಾಕಿಕೊಡುವುದು ನಮ್ಮ ಮನೆಯ ಪದ್ಧತಿ. ಇಡೀ ಸಾಗರ ಪೇಟೆಯಲ್ಲಿ ಯಾರೂ ಆಡದ ಕನ್ನಡ ಅದು. ಬೆಂಡೆಕಾಯಿ ಪಲ್ಯ ಕಂಡರೆ, "ಓಹ್, ಇದು ನಂಬಲಸಾಧ್ಯ!" ಸ್ನಾನಕ್ಕೆ ಕರೆದರೆ, "ನಾನು ಶರಣಾಗುವುದಿಲ್ಲ!" ನನ್ನ ಹೆಂಡತಿ ಸುಧಾ, "ನಿಮಗಿಂತ ಶುದ್ಧವಾಗಿ ಮಾತಾಡ್ತಾಳೆ ಬಿಡಿ" ಎಂದು ಹಿಗ್ಗಿದಳು. ನಾನೂ ಬಂದವರ ಮುಂದೆಲ್ಲ ಆಡಿಸಿ ತೋರಿಸುತ್ತಿದ್ದೆ.

ಒಂದು ದಿನ ತೀರ್ಥಹಳ್ಳಿಯಿಂದ ನನ್ನ ಅಕ್ಕ ಬಂದಳು. ಹಲಸಿನ ಹಪ್ಪಳದ ಕಟ್ಟು ಹಿಡಿದು ಅವಳು ಮೆಟ್ಟಿಲು ಹತ್ತುತ್ತಿದ್ದಂತೆ ಇಳಾ ಬಾಗಿಲಲ್ಲಿ ನಿಂತು ಕೂಗಿದಳು: "ಗೆಳೆಯರೇ, ಅಪಾಯ! ಎಲ್ಲರೂ ಅಡಗಿಕೊಳ್ಳಿ!"

ಅಕ್ಕ ಅಲ್ಲೇ ನಿಂತಳು. "ಎಂತದೋ ಇದು? ನಾನು ಬಂದ್ರೆ ಅಪಾಯವೇನೋ?"

"ಅಲ್ಲ ಅಕ್ಕಾ, ಅದು ಕಾರ್ಟೂನು..."

"ಓಹೋ, ಈಗ ನಾನು ಕಾರ್ಟೂನೂ ಆದ್ನಾ!"

ನಾಲ್ಕು ದಿನ ಇರಲು ಬಂದವಳು ಸಂಜೆ ಬಸ್ಸಿಗೇ ಹೊರಟಳು. ಹಪ್ಪಳದ ಕಟ್ಟೂ ಅವಳ ಜೊತೆಗೇ ಹೋಯಿತು.

ಇಳಾಳ ಅಂಗನವಾಡಿ ಟೀಚರ್ ಹತ್ತಿರ ಗೋಳು ಹೇಳಿಕೊಂಡೆ. "ಮೊಬೈಲ್ ನೋಡಿ ಮಾತು ಕಲೀಬಹುದು ಸಾರ್. ಯಾರ ಹತ್ರ ಎಂತ ಮಾತಾಡ್ಬೇಕು ಅನ್ನೋದನ್ನ ಮನೆಯವ್ರನ್ನ ನೋಡೇ ಕಲೀಬೇಕು. ಮಗೂನ ನಿಮ್ಮ ಜೊತೇಲೇ ಇಟ್ಕೊಳಿ" ಎಂದರು.

ಮೊಬೈಲನ್ನು ಅವಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟೆ. ಮೊದಮೊದಲು ರಂಪವೋ ರಂಪ. ಆಮೇಲೆ ಬಾಲದ ಹಾಗೆ ನನ್ನ ಹಿಂದೆ ಬಿದ್ದಳು. ನಾನು ಕೆಮ್ಮಿದರೆ ಕೆಮ್ಮಿದಳು, ಹೊಟ್ಟೆ ಕೆರೆದುಕೊಂಡರೆ ಕೆರೆದುಕೊಂಡಳು, ಪೇಪರನ್ನು ತಲೆಕೆಳಗಾಗಿ ಹಿಡಿದು "ಛೆ ಛೆ" ಎಂದಳು. ಕೂಸು ದಾರಿಗೆ ಬಂತು ಎಂದು ಸಂಭ್ರಮಿಸಿ, ಅಕ್ಕನಿಗೆ ಫೋನ್ ಮಾಡಿ, ಕಾಡಿ ಬೇಡಿ ಕರೆಸಿಕೊಂಡೆ.

ಅಕ್ಕ ಬಂದಳು. ಇಳಾ ಜಾಣೆಯಂತೆ, "ಬನ್ನಿ ಅತ್ತೆ" ಎಂದಳು. ಅಕ್ಕನ ಮುಖ ಅರಳಿತು. ಕಾಫಿ ಕುಡಿಯುತ್ತಾ ಕೂತಿದ್ದಾಗ ಇಳಾ ಸೋಪಿನ ಡಬ್ಬಿಯನ್ನು ಕಿವಿಗಿಟ್ಟುಕೊಂಡು, ಸೊಂಟದ ಮೇಲೊಂದು ಕೈ ಇಟ್ಟು, ಥೇಟ್ ನನ್ನಂತೆಯೇ ಓಡಾಡತೊಡಗಿದಳು.

"ಹಲೋ, ಅಕ್ಕಾ! ಅಯ್ಯೋ, ಈ ವಾರ ಬರ್ಬೇಡ ಕಣೇ. ನಾವು ಊರಲ್ಲೇ ಇರಲ್ಲ, ಹೊಸನಗರಕ್ಕೆ ಹೋಗ್ತೀವಿ." ಡಬ್ಬಿ ಕೆಳಗಿಟ್ಟು ಗೊಂಬೆಯ ಕಡೆ ತಿರುಗಿ, "ಅಬ್ಬ, ತಪ್ಪಿಸ್ಕೊಂಡೆ!"

ಹಿಂದೊಮ್ಮೆ ಅಕ್ಕ ಬರುತ್ತೇನೆಂದಾಗ ನಾನು ಆಡಿದ್ದ ಮಾತು; ಒಂದಕ್ಷರ ತಪ್ಪಿಲ್ಲ. ನಿಟ್ಟುಸಿರು ಕೂಡ ನನ್ನದೇ. ಸುಧಾ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

"ಯಾರು ಕಲ್ಸಿದ್ದೇ ಪುಟ್ಟೀ?" ಅಕ್ಕ ಕೇಳಿದಳು.

"ಅಪ್ಪ!"

ಅಕ್ಕ ಲೋಟ ಕೆಳಗಿಟ್ಟಳು. ಎದ್ದು ಹೊರಟೇಬಿಡುತ್ತಾಳೆ ಎಂದುಕೊಂಡೆ. ಅವಳು ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಜೋಡಿಸತೊಡಗಿದಳು.

"ಈ ಸಲ ಹದಿನೈದು ದಿನ ಇರೋಣ ಅಂತ ಮಾಡಿದೀನಿ. ನೀವೆಲ್ಲ ಊರಲ್ಲೇ ಇರ್ತೀರಲ್ಲ? ನಿಂಗೇನೂ ತೊಂದ್ರೆ ಇಲ್ವಲ್ಲ?"

"ತೊಂದ್ರೆ ಎಂತದು ಅಕ್ಕಾ, ಭಾರೀ ಸಂತೋಷ" ಎಂದೆ.

ಇಳಾ ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು.