ಅಂಕಮ್ಮನ ಹುಳದ ಮನೆಗೆ ಆರು ಸರ್ವರು

"ಇನ್ಮೇಲೆ ಬೇರೆಯವರ ಕಂಪ್ಯೂಟರಿಗೆ ಬಾಡಿಗೆ ಕಟ್ಟೋ ಮಾತೇ ಇಲ್ಲ. ನಮ್ಮದೇ ಕ್ಲಸ್ಟರ್!"

ಮುದ್ದೆ ಮುರಿಯುತ್ತಾ ಶಶಿಧರ ಹೀಗೆ ಘೋಷಿಸಿದ ದಿನ, ಭಾರತೀನಗರದ ಪಕ್ಕದ ಆ ಮನೆಯಿಂದಲೇ ಹೊಸ ಯುಗ ಶುರುವಾಗುವುದರಲ್ಲಿತ್ತು. ಹಾಗಂತ ಅವನೊಬ್ಬನೇ ನಂಬಿದ್ದ. ಕ್ಲಸ್ಟರ್ ಅಂದರೆ ಏನು, ಅದನ್ನ ಎಲ್ಲಿಡ್ತೀರಿ ಅಂತ ಹೆಂಡತಿ ರಂಜಿತ ಸಾರು ಬಡಿಸುತ್ತಾ ಕೇಳಿದಳು. ಒಂದಷ್ಟು ಕಂಪ್ಯೂಟರುಗಳನ್ನು ಒಂದೇ ನೊಗಕ್ಕೆ ಕಟ್ಟಿ ದುಡಿಸೋದು ಅಂತ ಶಶಿಧರ ಕೈ ಬೀಸಿ ಬೀಸಿ ವಿವರಿಸಿದ. ಎಲ್ಲಿಡೋದು ಅಂತ ಅವಳು ಮತ್ತೆ ಕೇಳಿದಾಗ ಇನ್ನೊಂದು ಸೌಟು ಸಾರು ಕೇಳಿದ.

ಡ್ರೋನು ತೆಗೆದ ಕಬ್ಬಿನ ಗದ್ದೆಗಳ ಫೋಟೋಗಳನ್ನು ರಾಶಿಗಟ್ಟಲೆ ಜೋಡಿಸಿ ನಕ್ಷೆ ಮಾಡಿಕೊಡೋದು ಅವನ ಕಸುಬು. ಮದ್ದೂರು, ಮಳವಳ್ಳಿ ಎರಡೂ ತಾಲ್ಲೂಕಿನ ಫೋಟೋ ಕೊಟ್ಟ ಸರ್ವೆ ಕಂಪನಿಯೊಂದು, ತಿಂಗಳ ಕೊನೆಯ ಸೋಮವಾರಕ್ಕೆ ನಕ್ಷೆ ಕೈಗೆ ಬಂದರೆ ವರ್ಷದ ಕೆಲಸವೆಲ್ಲಾ ನಿಮಗೇ ಅಂದಿತ್ತು. ಅಂಥ ಕೆಲಸಕ್ಕೆ ಬೇಕಾದ ದೊಡ್ಡ ಕಂಪ್ಯೂಟರು, ಅಂದರೆ ಸರ್ವರು, ಹೊಸದು ಒಂದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಅಳೆದು ಸುರಿದು ಲೆಕ್ಕ ಹಾಕಿದ ಶಶಿಧರ ಮಂಡ್ಯದ ಅಶ್ಫಾಕನ ಗೋಡೌನಿಗೆ ಹೋಗಿ, ಯಾವುದೋ ಆಫೀಸಿನವರು ಎತ್ತಿಹಾಕಿದ್ದ ಆರು ಹಳೇ ಸರ್ವರು ಹೊತ್ತು ತಂದ. ಒಂದು ಹೊಸದರ ದುಡ್ಡಿಗೆ ಆರು! ಸ್ವಲ್ಪ ಸದ್ದು ಮಾಡ್ತವೆ ಅಣ್ಣ ಅಂತ ಅಶ್ಫಾಕ್ ಹೇಳಿದ್ದು ಆ ಖುಷಿಯಲ್ಲಿ ಅವನ ತಲೆಗೆ ಹೋಗಲೇ ಇಲ್ಲ.

ನಡುಮನೆಯಲ್ಲಿ ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ಸ್ವಿಚ್ಚು ಒತ್ತಿದ. ಆರೂ ಒಟ್ಟಿಗೆ ಹುಯ್ಯೋ ಅಂತ ಊಳಿಟ್ಟವು! ಬಲ್ಬು ಮಂಕಾಯಿತು, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ನಿಂತಿತು. ಕಬ್ಬು ಕಡಿಯೋ ಮಿಷಿನ್ನು ಬಂತು ಅಂತ ಪಕ್ಕದ ಮನೆಯ ಪುಟ್ಟಸ್ವಾಮಿ ಕುಡುಗೋಲು ಹಿಡಿದೇ ಓಡಿ ಬಂದ.

"ಇವನ್ನ ಆರಿಸ್ತೀರಾ, ಇಲ್ಲಾ ನಾನು ತವರಿಗೆ ಹೋಗ್ಲಾ?" ಅಂದಳು ರಂಜಿತ.

ಆ ಸದ್ದಿನಲ್ಲಿ ಶಶಿಧರನಿಗೆ ಏನೂ ಕೇಳಿಸಲಿಲ್ಲ. ಆಗ್ಲಿ ಆಗ್ಲಿ ಅಂತ ಸಂತೋಷವಾಗಿ ತಲೆಯಾಡಿಸಿದ.

ಸಂಜೆಯೊಳಗೆ ನಡುಮನೆ ಕಾದ ಕಾವಲಿಯಾಗಿ, ರಂಜಿತ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಆಗ ಅವನ ಕಣ್ಣು ಹಿತ್ತಲಿನ ಹುಳದ ಮನೆಯ ಮೇಲೆ ಬಿತ್ತು. ಅವ್ವ ಅಂಕಮ್ಮ ರೇಷ್ಮೆ ಹುಳ ಸಾಕೋ ಜಾಗ. ಸುತ್ತ ಕಿಟಕಿ, ಮೇಲೆ ತೆಂಗಿನ ಗರಿ, ತಣ್ಣನೆ ನೆಲ. ಹೋದ ಬೆಳೆ ಮುಗಿದು ಖಾಲಿ ಬೇರೆ ಇತ್ತು. ಮರಿಹುಳ ಬರೋವರೆಗೆ ಮಾತ್ರ ಅಂತ ಅಂಕಮ್ಮ ಒಪ್ಪಿದಳು. ಹುಳಕ್ಕೆ ರೋಗ ತಗಲಬಾರದು ಅಂತ ಒಳಗೆ ಹೋಗೋರು ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಹೋಗಬೇಕು ಅನ್ನೋ ಕಾನೂನು ಮಗನಿಗೂ ತಪ್ಪಲಿಲ್ಲ.

ಮರಿಹುಳ ಬಂದವು. ನಕ್ಷೆ ಅರ್ಧವೂ ಆಗಿರಲಿಲ್ಲ. ಅವ್ವ ಈಗ ಸರ್ವರುಗಳನ್ನು ಬೀದಿಗೆ ಎಸೀತಾಳೆ ಅಂತ ಶಶಿಧರ ನಡುಗುತ್ತಿದ್ದರೆ, ಅಂಕಮ್ಮ ಒಂದರ ಬೆನ್ನಿಗೆ ಅಂಗೈ ಇಟ್ಟು ನೋಡಿ ಮುಖ ಅರಳಿಸಿದಳು. ಹೊರಗೆ ಮಾಗಿಯ ಚಳಿ, ಒಳಗೆ ಬೆಚ್ಚಗೆ! ತಕ್ಷಣ ಕಿಟಕಿಗಳನ್ನೆಲ್ಲಾ ಮುಚ್ಚಿ ಗೋಣಿತಾಟು ಇಳಿಬಿಟ್ಟಳು. ಬಿಸಿ ಏರಿದ್ದೇ ತಡ, ಸರ್ವರುಗಳು ತಮ್ಮ ಪ್ರಾಣ ಉಳಿಸಿಕೊಳ್ಳಲು ಕೆಲಸ ನಿಧಾನ ಮಾಡಿ ಆಮೆಯ ಹಾಗೆ ತೆವಳತೊಡಗಿದವು. ಮಗ ಕಿಟಕಿ ತೆಗೆಯೋದು, ಅವ್ವ ಮುಚ್ಚೋದು.

"ಉಳಕ್ಕೆ ಚಳಿ ಆಯ್ತದೆ, ತೆಗೀಬ್ಯಾಡ ಕಣ್ಲಾ."

"ನನ್ನ ಸರ್ವರಿಗೆ ಸೆಕೆ ಆಯ್ತದೆ ಕಣವ್ವ."

"ಉಳ ಸತ್ರೆ ಗೂಡಿಲ್ಲ. ನಿನ್ ಪೆಟ್ಗೆ ಸತ್ರೆ ಏನ್ ಓಯ್ತದೆ?"

ವರ್ಷದ ಕೆಲಸ ಹೋಗುತ್ತೆ ಅಂತ ಅವನು ಹೇಳೋಷ್ಟರಲ್ಲಿ ಅವಳು ಸೊಪ್ಪು ತರಲು ಹೋಗಿಯಾಗಿತ್ತು.

ಗಡುವಿಗೆ ಎರಡೇ ದಿನ ಉಳಿದ ಶನಿವಾರ ಬಂತು. ಹೀಗೇ ತೆವಳಿದರೆ ನಕ್ಷೆ ಯುಗಾದಿಗೆ! ಶಶಿಧರ ತಲೆ ಮೇಲೆ ಕೈಹೊತ್ತು ಕೂತ. ರಂಜಿತ ಫೋಟೋಗಳ ಡಿಸ್ಕನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದಳು. ಅಲ್ಲಿ ತವರಲ್ಲಿ ಅವಳ ತಮ್ಮನ ಹತ್ತಿರ ಗೇಮ್ ಆಡೋ ಕಂಪ್ಯೂಟರು ಇತ್ತು, ಹೊಸದು, ಒಂದೇ ಒಂದು. ಭಾನುವಾರ ಸಂಜೆ ನಕ್ಷೆ ಸಮೇತ ವಾಪಸ್ಸು ಬಂದಳು. ಆಟ ನಿಂತುಹೋಯಿತು ಅಂತ ತಮ್ಮ ಮುಖ ಊದಿಸಿಕೊಂಡಿದ್ದಾನೆ ಅಂತಷ್ಟೇ ಹೇಳಿದಳು.

ಸೋಮವಾರ ಕಂಪನಿಯ ಶಿವರಾಜು ಬಂದು ನಕ್ಷೆ ನೋಡಿ ಬೆನ್ನು ತಟ್ಟಿದರು. ನಿಮ್ಮ ಕ್ಲಸ್ಟರ್ ತೋರಿಸಿ ಅಂದರು. ಶಶಿಧರ ಬೇಕಂತಲೇ ನಿಧಾನವಾಗಿ ಹಿತ್ತಲ ಕಡೆ ಹೆಜ್ಜೆ ಹಾಕಿದ. ಹಿತ್ತಲ ಬಾಗಿಲಲ್ಲಿ ಅಂಕಮ್ಮ ಕೈ ಅಡ್ಡ ಹಿಡಿದು ನಿಂತಿದ್ದಳು. ಹೊರಗಿನೋರು ಒಳಕ್ಕೆ ಕಾಲಿಡಂಗಿಲ್ಲ, ಯಾರಾದ್ರೂ ಸರಿಯೆ, ಅಂದುಬಿಟ್ಟಳು. ಬೆಂಗಳೂರಲ್ಲೂ ಇಂಥ ಭದ್ರತೆ ನೋಡಿಲ್ಲ ಅಂತ ಮೆಚ್ಚಿಕೊಂಡ ಶಿವರಾಜು ವರ್ಷದ ಕೆಲಸ ಕೊಟ್ಟೇ ಹೋದರು!

ಬದುಕಿದೆ ಅಂದುಕೊಂಡ ಶಶಿಧರ ಸರ್ವರುಗಳ ಕೆಲಸ ನಿಲ್ಲಿಸಿ, ವಾಪಸ್ಸು ತಗೋತೀಯಾ ಅಂತ ಕೇಳೋಕೆ ಅಶ್ಫಾಕನಿಗೆ ಫೋನು ಹಚ್ಚಿದ. ಅಷ್ಟರಲ್ಲಿ ಹುಳದ ಮನೆಯಿಂದ ಕೂಗು ಬಂತು.

"ಲೇ ಶಶಿ, ಪೆಟ್ಗೆಗಳು ತಣ್ಣಗಾಗ್ಬುಟ್ವಲ್ಲಾ."

"ಅವಕ್ಕೆ ಈಗ ಕೆಲ್ಸ ಇಲ್ಲ ಕಣವ್ವ."

"ಇಲ್ದಿದ್ರೆ ಕೊಡು. ಉಳ ಇನ್ನೂ ಗೂಡು ಕಟ್ಟಿಲ್ಲ."

ಶಶಿಧರ ಫೋನು ಇಟ್ಟ. ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಗೆ ಹೋಗಿ, ಮುಗಿದುಹೋದ ಅದೇ ಫೋಟೋಗಳನ್ನು ಮತ್ತೆ ಮೊದಲಿಂದ ಜೋಡಿಸೋಕೆ ಹಚ್ಚಿದ. ಗೂಡು ಕಟ್ಟೋವರೆಗೂ ಅವು ಅದೇ ಮದ್ದೂರು, ಅದೇ ಮಳವಳ್ಳಿ ಜೋಡಿಸುತ್ತಲೇ ಇದ್ದವು.

ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು. ಮಾರ್ಕೆಟ್ಟಿನಿಂದ ಬಂದ ಅಂಕಮ್ಮ ಜಗಲಿ ಮೇಲೆ ಕೂತು, ಎಲೆ ಅಡಿಕೆ ಬಾಯಿಗಿಟ್ಟು ಮಗನನ್ನು ಕರೆದಳು.

"ಮುಂದ್ಲ ಬೆಳೆಗೆ ಇನ್ನೆರಡು ಪೆಟ್ಗೆ ತತ್ತಾ ಕಣ್ಲಾ. ಅಳೇವೇ ತತ್ತಾ. ಒಸವು ಅಷ್ಟು ಬಿಸಿ ಆಗಕ್ಕಿಲ್ವಂತೆ, ನಿನ್ನ ಎಂಡ್ತಿ ಏಳುದ್ಲು."