ದಾಕಿನ ಚೀಲದಲ್ಲಿ ಕಾದಂಬರಿ

ತಾನು ಬರೆದದ್ದನ್ನು ತಾನೇ ಅಚ್ಚು ಹಾಕಿಸಿ, ತಾನೇ ಹೊತ್ತು ಮಾರುವವನಿಗೆ ದಾರಿಯುದ್ದಕ್ಕೂ ಏನಾದರೊಂದು ಆಗುತ್ತಲೇ ಇರುತ್ತದೆ. ಅದರಲ್ಲಿ ಹೆಚ್ಚಿನವು ಆಗುವ ಹೊತ್ತಿಗೆ ನಗು ಬರುವಂಥವಲ್ಲ. ನನಗೂ ಬಂದಿರಲಿಲ್ಲ.

ಐವತ್ತರ ದಶಕದ ಕೊನೆ. ನಾನು ಸೊರಬದಲ್ಲಿ ಸಿಡುಬಿನ ದಾಕು ಹಾಕುವ ಸರ್ಕಾರಿ ನೌಕರ. ಶಿಕಾರಿಪುರದ ಕಡೆ ಆಳು ಕಮ್ಮಿ ಬಿದ್ದರೆ ಅಲ್ಲಿಗೂ ಕಳಿಸುತ್ತಿದ್ದರು. ಸೈಕಲ್ಲು, ಖಾಕಿ ಚೀಲ, ಅದರಲ್ಲಿ ಲಸಿಕೆ, ಸೂಜಿ, ಸ್ಪಿರಿಟ್ಟು. ಜನ ಮರ್ಯಾದೆಗೆ ‘ಡಾಕ್ಟ್ರೇ’ ಅನ್ನುತ್ತಿದ್ದರು.

ನನ್ನ ಅಕ್ಕ ಕೃಷ್ಣವೇಣಿ ಮದುವೆಯಾದ ಹೊಸತರಲ್ಲೇ ಸಿಡುಬಿನಿಂದ ಹೋದವಳು. ಮೈಮೇಲೆ ಕಾಣಿಸಿಕೊಂಡ ಕೂಡಲೆ ಗಂಡನ ಮನೆಯವರು ಅವಳನ್ನು ಗದ್ದೆಯ ಅಂಚಿನ ಗುಡಿಸಲಿಗೆ ಹಾಕಿದರು. ಅಲ್ಲೇ ಹೋದಳು. ವರ್ಷ ತುಂಬುವುದರೊಳಗೆ ಭಾವ ಇನ್ನೊಂದು ಮದುವೆಯಾದ. ಇದನ್ನೇ ನಾನು ಕಾದಂಬರಿ ಮಾಡಿ ಬರೆದೆ. ಬೆಂಗಳೂರು, ಧಾರವಾಡದ ಪ್ರಕಾಶಕರು ‘ತುಂಬ ದುಃಖ ಇದೆ’ ಎಂದು ವಾಪಸು ಕಳಿಸಿದರು. ಹಾಗಾಗಿ ನಾನೇ ಪ್ರಕಾಶಕನಾದೆ.

ಣ ಒತ್ತು

ಶಿಕಾರಿಪುರದಲ್ಲಿ ಒಂದು ಸಣ್ಣ ಮುದ್ರಣಾಲಯವಿತ್ತು. ಲಗ್ನಪತ್ರಿಕೆ, ಅಂಗಡಿ ರಸೀದಿ ಇಂಥವನ್ನೇ ಮಾಡಿಕೊಂಡಿದ್ದವರು; ಕಾದಂಬರಿ ಅವರಿಗೂ ಮೊದಲು. ಮೊದಲ ಅಧ್ಯಾಯದ ಅಚ್ಚುಮೊಳೆ ಜೋಡಿಸುವಷ್ಟರಲ್ಲೇ ಯಜಮಾನರು ನನ್ನನ್ನು ಕರೆಸಿದರು.

“ಡಾಕ್ಟ್ರೇ, ನಿಮ್ಮ ಕಥೀ ಹೆಣ್ಮಗಳಿಗೆ ಬ್ಯಾರೆ ಹೆಸರು ಇಡ್ರಿ.”

“ಯಾಕ್ರೀ?”

“ಕೃಷ್ಣವೇಣಿ ಅನ್ನಾಕ ಣ ಒತ್ತು ಬೇಕು. ನನ್ನ ಹತ್ರ ಇರೋದು ಒಂದು ಹಿಡಿ. ಆಕಿ ನೋಡಿದ್ರ ಸಾಲು ಸಾಲಿಗೂ ಬರ್ತಾಳ. ಕಮಲಾ ಅಂತ ಇಡ್ರಿ. ಕ, ಮ, ಲ ಬೇಕಾದಷ್ಟು ಅದಾವ.”

“ಆಗೋದಿಲ್ಲ. ಅದು ನಮ್ಮಕ್ಕನ ಹೆಸರು. ತೀರಿಕೊಂಡಳು.”

ಅವರು ಒಳಗೆ ಹೋಗಿ ಕೈಯ ಮಸಿ ತೊಳೆದುಕೊಂಡು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಮನೆಯ ಹಿರಿಯರು ಮಾತಾಡುವ ದನಿಯಲ್ಲಿ ಹೇಳಿದರು:

“ಹಂಗಾದ್ರ ಹೆಸರು ಇರ್ಲಿ. ಈ ಪುಟ ಅಚ್ಚಾಗಿ ಮೊಳೆ ಬಿಚ್ಚೋವರೆಗೂ ಆಕೀನ ತವರಿಗೆ ಕಳಿಸ್ರಿ.”

ಬೇರೆ ದಾರಿಯಿರಲಿಲ್ಲ. ಕಳಿಸಿದೆ. ಅಲ್ಲೇ ಕೂತು ಹೊಸದೊಂದು ಅಧ್ಯಾಯ ಬರೆದೆ. ತವರಿನಲ್ಲಿ ಎಲ್ಲರೂ ಅವಳನ್ನು ‘ಅಕ್ಕ’ ಎಂದು ಕರೆದರು, ಣ ಒತ್ತಿನ ತೊಂದರೆ ಬರಲಿಲ್ಲ. ಕಾದಂಬರಿ ಓದಿದವರೆಲ್ಲ ಇವತ್ತಿಗೂ ಅದೊಂದು ಅಧ್ಯಾಯ ಮಾತ್ರ ಮನಸ್ಸಿನಿಂದ ಬಂದಿದೆ ಅನ್ನುತ್ತಾರೆ.

ಉಡುತಡಿಯ ಯಜಮಾನರು

ಪುಸ್ತಕಗಳನ್ನು ದಾಕಿನ ಚೀಲದಲ್ಲೇ ತುಂಬಿಕೊಂಡು ಹೊರಟೆ. ಇನ್ನೊಂದು ಚೀಲ ನನ್ನ ಹತ್ತಿರ ಇರಲಿಲ್ಲ.

ಉಡುತಡಿಗೆ ಹೋದದ್ದು ರಜೆಯ ದಿನ, ಬರೀ ಪುಸ್ತಕ ಮಾರುವುದಕ್ಕೆ. ಊರೊಳಗೆ ಸೈಕಲ್ಲು ತಿರುಗಿಸುವುದೇ ತಡ, ಕೇರಿಯಲ್ಲಿ ಆಡುತ್ತಿದ್ದ ಮಕ್ಕಳು ಮಾಯವಾದವು. ತಾಯಂದಿರು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಕಟ್ಟೆಯ ಮೇಲೆ ಉಳಿದವರು ಒಬ್ಬರೇ ಯಜಮಾನರು. ಮಂಡಿನೋವಿನವರು, ಓಡಲಾರದೆ ಉಳಿದಿದ್ದರು.

“ದಾಕು ಅಲ್ಲ ಯಜಮಾನ್ರೇ. ಕಾದಂಬರಿ,” ಅಂದೆ.

“ಅದ್ಯಾವ ಬ್ಯಾನಿಗೆ?”

“ಬ್ಯಾನಿಗಲ್ಲ. ಓದೋಕೆ.”

ಪುಸ್ತಕ ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೂಸಿದರು.

“ಸರ್ಕಾರದ್ದಾ?”

“ನಂದೇ.”

“ನಿಂದು ಅಂದ್ರೂ ಸರ್ಕಾರದ್ದ. ಬ್ಯಾಡ ಅಂದ್ರ ದಂಡ ಹಾಕ್ತೀಯೇನು?”

“ಇಲ್ಲ ಇಲ್ಲ. ಇಷ್ಟ ಇದ್ರೆ ಮಾತ್ರ.”

ಅವರಿಗೆ ನಂಬಿಕೆ ಬರಲಿಲ್ಲ. ಇಷ್ಟ ಇದ್ದರೆ ಮಾತ್ರ ಎಂದು ಹೇಳಿದ ಸರ್ಕಾರದವನನ್ನು ಅವರು ಅದುವರೆಗೆ ಕಂಡಿರಲಿಲ್ಲವಂತೆ. ಆದರೂ ಒಂದು ಪ್ರತಿ ತೆಗೆದುಕೊಂಡರು. ನಾನು ಸೈಕಲ್ಲು ಹತ್ತುವಾಗ ಹಿಂದಿನಿಂದ ಕೂಗಿ ಕೇಳಿದರು:

“ಮನ್ಯಾಗ ಒಬ್ರು ಓದಿದ್ರ ಸಾಕೋ, ಎಲ್ಲಾರೂ ಓದ್ಬೇಕೋ?”

ಅಳುವವನಿಗೆ ವ್ಯಾಪಾರ

ಸೊರಬದ ಬಸ್ ನಿಲ್ದಾಣದ ಎದುರು ಬೀಡಿ, ಬಾಳೆಹಣ್ಣು, ಪಂಚಾಂಗ ಮಾರುವ ಅಂಗಡಿಯವರೊಬ್ಬರಿದ್ದರು. ನನ್ನ ಮೇಲೆ ಬಹಳ ವಿಶ್ವಾಸ. “ನಂಗೆ ಲಾಭ ಬೇಡ ಮಾರಾಯ್ರೆ, ನಮ್ಮೂರಿನವರ ಪುಸ್ತಕ” ಎಂದು ಒಂದು ಕಟ್ಟು ಇಟ್ಟುಕೊಂಡರು. ಬಾಳೆಗೊನೆಯ ಕೆಳಗೆ ಚೆನ್ನಾಗಿ ಕಾಣುವ ಹಾಗೆ ಜೋಡಿಸಿದರು.

ಒಂದು ತಿಂಗಳ ಮೇಲೆ ಹೋಗಿ ನೋಡಿದರೆ ಕಟ್ಟು ಹಾಗೇ ಇದೆ. ಯಾರೂ ಕೇಳಲಿಲ್ಲವೇ ಅಂದೆ.

“ಕೇಳದೆ ಏನು! ಬಸ್ಸಿಗೆ ಕಾಯೋರೆಲ್ಲ ಕೇಳ್ತಾರೆ. ನಾನೂ ಬಿಡದೆ ಹೇಳ್ತೀನಿ.”

“ಏನಂತ ಹೇಳ್ತೀರಿ?”

“ಕಥೆ. ಮೊದಲಿಂದ ಕೊನೇವರೆಗೂ. ಏನೂ ಬಿಡೋದಿಲ್ಲ. ಸಾಗರದ ಬಸ್ಸು ಬೇಗ ಬಂದ್ರೆ ಮಾತ್ರ ಆ ತವರಿನ ಅಧ್ಯಾಯ ಬಿಡ್ತೀನಿ.”

ಪೂರಾ ಕಥೆ ಹೇಳಿಬಿಟ್ಟರೆ ಪುಸ್ತಕ ಯಾಕೆ ಕೊಳ್ಳುತ್ತಾರೆ ಎಂದು ಮೆಲ್ಲಗೆ ಕೇಳಿದೆ. ಅವರಿಗೆ ಬೇಸರವಾಯಿತು.

“ಏನು ಅಂತ ಗೊತ್ತಿಲ್ದೆ ಯಾರು ತಗೊಳ್ತಾರೆ? ಎಲ್ಲರೂ ಮೆಚ್ಚಿದಾರೆ ಕಣ್ರೀ. ಮೊನ್ನೆ ಒಬ್ಬ ಭತ್ತದ ವ್ಯಾಪಾರಿ, ಇಷ್ಟು ದಪ್ಪ ಮೀಸೆ, ಗುಡಿಸಲಲ್ಲಿ ನಿಮ್ಮಕ್ಕ ನೀರು ಕೇಳೋ ಕಡೆ ಬಂದಾಗ ಇಲ್ಲೇ ನಿಂತು ಗಳಗಳ ಅತ್ತ.”

“ಅವನಾದರೂ ತಗೊಂಡನಾ?”

“ಅಳ್ತಾ ಇರೋನಿಗೆ ವ್ಯಾಪಾರ ಹೇಳ್ತಾರೇನ್ರೀ?”

ಭಾವ ಬಂದದ್ದು

ಒಂದು ಸಂತೆಯ ದಿನ ನಮ್ಮ ಮನೆ ಬಾಗಿಲಿಗೆ ಭಾವ ಬಂದು ನಿಂತ. ಅಕ್ಕ ಹೋದ ಮೇಲೆ ನಮ್ಮ ಹೊಸಿಲು ತುಳಿದವನಲ್ಲ. ತಲೆಗೆ ವಸ್ತ್ರ ಸುತ್ತಿದ್ದ. ಕಂಕುಳಲ್ಲಿ ನನ್ನ ಪುಸ್ತಕ. ಒಳಗಿದ್ದ ಅಮ್ಮ ಅವನ ದನಿ ಕೇಳಿದವಳೇ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.

ಹೊಡೆಯಲು ಬಂದಿದ್ದಾನೆ ಎಂದೇ ನಾನು ತಿಳಿದೆ. ಹೊಡೆದರೆ ತಿರುಗಿ ಹೊಡೆಯಬೇಕು ಎಂದೂ ಅಂದುಕೊಂಡೆ. ಅವನು ಜಗಲಿಯ ಮೇಲೆ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡ.

“ಅವಳ ಹೆಸರು ಹಾಗೇ ಇಟ್ಟಿದ್ದೀಯ. ನನ್ನದು ಬದಲಾಯಿಸಿದ್ದೀಯ.”

“ಹೌದು.”

“ಯಾಕೆ ಬದಲಾಯಿಸಿದೆ? ಊರಲ್ಲಿ ಎಲ್ಲರಿಗೂ ಗೊತ್ತು.”

ಅವನು ಪುಸ್ತಕವನ್ನು ಸವರುತ್ತ ಕೂತ. ಆಮೇಲೆ ತಾನಾಗಿಯೇ ಹೇಳಿದ. “ನೀರು ಕೇಳಿದ್ದು ನಿಜ. ಬದುವಿನ ಮೇಲೆ ನಿಂತಿದ್ದೆ. ಕೈಯಲ್ಲಿ ಚೊಂಬೂ ಇತ್ತು. ನಮ್ಮಪ್ಪ ಬೇಡ ಅಂದ್ರು, ಅಂತ ನೀನು ಬರೆದಿದ್ದೀಯ. ಅಪ್ಪ ಅಲ್ಲಿರಲಿಲ್ಲ. ಯಾರೂ ಇರಲಿಲ್ಲ. ನನಗೇ ಹೆದರಿಕೆ ಆಯ್ತು.”

ಅಷ್ಟು ಹೇಳಿ ಮುಖ ಮುಚ್ಚಿಕೊಂಡ. ನನಗೆ ಅವನ ಮೇಲಿದ್ದ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಅದನ್ನು ಎಲ್ಲಿಡಬೇಕೋ ತಿಳಿಯದೆ ಹೋಯಿತು, ಅಷ್ಟೆ. ಅಡಿಗೆಮನೆಯ ಬಾಗಿಲು ತೆರೆದ ಸದ್ದಾಯಿತು. ಅಮ್ಮ ಹೊರಗೆ ಬರಲಿಲ್ಲ. ಕೈ ಮಾತ್ರ ಚಾಚಿ ಒಂದು ಲೋಟ ನೀರನ್ನು ಹೊಸಿಲಿನ ಮೇಲಿಟ್ಟಳು. ಅವನು ಅದನ್ನು ಕುಡಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

ಎದ್ದು ಹೋದವನು ಬೇಲಿಯವರೆಗೆ ಹೋಗಿ ಮತ್ತೆ ತಿರುಗಿ ಬಂದ.

“ಎಲ್ಲ ಸರಿಯಾಗಿ ಬರೆದಿದ್ದೀಯ. ನಾನೇನೂ ಅನ್ನೋದಿಲ್ಲ. ಆದರೆ ನಿಮ್ಮಕ್ಕನ ಮದುವೆಯಲ್ಲಿ ನಾನು ಬೋಳ ಆಗಿರಲಿಲ್ಲ.”

ಕುಬಟೂರಿನ ಜಗಲಿ

ಕುಬಟೂರಿಗೆ ನಾನು ಹೋದದ್ದು ದಾಕು ಹಾಕುವುದಕ್ಕೇ. ಮಧ್ಯಾಹ್ನದ ಊಟ ಮುಗಿದ ಹೊತ್ತು. ಒಂದು ದೊಡ್ಡ ಮನೆಯ ಜಗಲಿಯಲ್ಲಿ ಹೆಂಗಸರು ಗುಂಪಾಗಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಆ ಮನೆಯ ಸೊಸೆ, ಶಾಲೆಗೆ ಹೋಗಿ ಬಂದವಳು, ಕಂಬಕ್ಕೆ ಒರಗಿ ಗಟ್ಟಿಯಾಗಿ ಪುಸ್ತಕ ಓದುತ್ತಿದ್ದಳು. ಬೇಲಿಯ ಬಾಗಿಲ ದಣಪೆಯ ಹತ್ತಿರ ಬಂದ ನನಗೆ ‘ಕೃಷ್ಣವೇಣಿ’ ಎಂಬ ಹೆಸರು ಕೇಳಿಸಿತು. ಸೈಕಲ್ಲನ್ನು ಬೇಲಿಗೆ ಒರಗಿಸಿ ಅಲ್ಲೇ ನಿಂತೆ. ನಾನು ಬರೆದದ್ದನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಕೊನೆಯ ಪುಟ ನಡೆಯುತ್ತಿತ್ತು. ಗುಡಿಸಲು, ಜ್ವರ, ನೀರು. ಹೆಂಗಸರ ಕೈ ನಿಂತಿತ್ತು. ಸೊಸೆ ಆ ಪುಟ ಮುಗಿಸಿದಳು, ಮಗುಚಿದಳು, ಮುಂದೆ ಓದಿದಳು. ನನಗೆ ಗಾಬರಿ. ಮುಂದೆ ಏನೂ ಇರಲಿಲ್ಲ. ಆ ಪುಟದಲ್ಲಿದ್ದದ್ದು ಮುದ್ರಣಾಲಯದವರ ಜಾಹೀರಾತು: ಲಗ್ನಪತ್ರಿಕೆಗಳನ್ನು ಅಂದವಾಗಿ ಅಚ್ಚು ಮಾಡಿಕೊಡಲಾಗುವುದು.

ಸೊಸೆ ಅದನ್ನೇ ನೋಡಿಕೊಂಡು ಓದುತ್ತಿದ್ದಳು. “ಬೆಳಗಾಗುವ ಹೊತ್ತಿಗೆ ಕೃಷ್ಣವೇಣಿಯ ಜ್ವರ ಬಿಟ್ಟಿತು. ಎದ್ದು ಕಾಲುವೆಯಲ್ಲಿ ಮುಖ ತೊಳೆದಳು. ಮುಖದ ತುಂಬ ಕಲೆ. ಇದ್ದರೆ ಇರಲಿ ಎಂದಳು. ನಡೆದುಕೊಂಡು ಊರಿಗೆ ಬಂದರೆ ಮನೆಯ ಮುಂದೆ ಚಪ್ಪರ. ಗಂಡನ ಎರಡನೆಯ ಮದುವೆ. ನೆಟ್ಟಗೆ ಹೋಗಿ ಊಟದ ಪಂಕ್ತಿಯಲ್ಲಿ ಕೂತಳು. ಒಂದು ತುತ್ತು ಉಂಡು, ಸಾರಿಗೆ ಉಪ್ಪು ಕಮ್ಮಿ ಎಂದಳು.”

ಜಗಲಿಯೆಲ್ಲ ನಕ್ಕಿತು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನು ತಡೆದುಕೊಳ್ಳಲಾರದೆ ಒಳಗೆ ಬಂದೆ.

“ಅಮ್ಮಾ, ಆ ಪುಸ್ತಕ ಬರೆದವನು ನಾನು. ಅದರಲ್ಲಿ ಹಾಗಿಲ್ಲ. ಅವಳು ಸಾಯ್ತಾಳೆ.”

ಸೊಸೆ ಪುಸ್ತಕ ಮುಚ್ಚಿ ತಲೆ ತಗ್ಗಿಸಿದಳು. ಅವಳ ಅತ್ತೆ, ಬಹಳ ವಯಸ್ಸಾದವಳು, ಹುಣಸೆ ಮೆತ್ತಿದ ಕೈಯನ್ನು ಹಣೆಗೆ ಅಡ್ಡ ಹಿಡಿದು ನನ್ನನ್ನು ನೋಡಿದಳು.

“ಸಾಯ್ತಾಳೆ ಅಂತ ನಿಂಗ್ಯಾರು ಹೇಳಿದ್ರು? ನೀನು ಕಂಡಿದ್ಯಾ?”

“ಕಂಡಿದ್ದೀನಿ. ನಮ್ಮಕ್ಕ.”

ಮುದುಕಿ ನನಗೆ ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಹೋದೆ. ತನ್ನ ಪಕ್ಕದ ಹುಣಸೆಬೀಜ ಸರಿಸಿ ಜಾಗ ಮಾಡಿ ಕೂರಿಸಿದಳು. ಹೆಪ್ಪು ಹಾಕಿದ ಪಾತ್ರೆ ಮುಟ್ಟುವಷ್ಟು ಮೆಲ್ಲಗೆ ನನ್ನ ಬೆನ್ನ ಮೇಲೆ ಕೈಯಿಟ್ಟಳು.

“ಅಲ್ಲ ಮಗ, ಸತ್ತದ್ದು ಒಂದ್ಸಲ ಆಗೇ ಹೋಗೈತೆ. ಅದನ್ನೇ ತಿರುಗಿ ಮಾಡೋಕೆ ಪುಸ್ತಕ ಯಾಕೆ ಬೇಕಿತ್ತು? ಮುಂದೆ ಏನು ಅಂತ ತಿಳೀದಿದ್ರೆ ಒಂದು ಮಾತು ನಮ್ಮನ್ನ ಕೇಳಬಾರ್ದಿತ್ತಾ?”

ಅವಳು ಸೊಸೆಯ ಕಡೆ ತಿರುಗಿದಳು.

“ನೀನು ಓದೇ. ಉಪ್ಪು ಹಾಕಿದ್ರಾ ಇಲ್ವಾ?”

ಸೊಸೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಜಾಹೀರಾತಿನ ಪುಟ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದಳು: “ಮದುಮಗನೇ ಎದ್ದು ಬಂದು ಕೈಯಾರೆ ಉಪ್ಪು ಬಡಿಸಿದ. ಕೃಷ್ಣವೇಣಿ ಅವನ ಮುಖ ನೋಡಲಿಲ್ಲ. ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.”

ಮುದುಕಿಗೆ ಓದು ಬರುತ್ತಿರಲಿಲ್ಲ. ಸೊಸೆಯ ಕೈಯಿಂದ ಪುಸ್ತಕ ಕಿತ್ತುಕೊಂಡು, ಲಗ್ನಪತ್ರಿಕೆಗಳನ್ನು ಅಂದವಾಗಿ ಅಚ್ಚು ಮಾಡಿಕೊಡಲಾಗುವುದು ಎಂಬ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು.

“ನೋಡು, ಇಲ್ಲೇ ಐತಲ್ಲ. ಬರೆದೋನು ನೀನು, ನಿಂಗೇ ನೆನಪಿಲ್ಲ.”